ಸೊಸೆಯ ಪಾಳಿ

ಮೂವತ್ತು ವರ್ಷ ಮುಂದೆ ದೇಶ ಹೇಗಿರಬೇಕೆಂದು ಯೋಚಿಸುವ ಸರ್ಕಾರಿ ಕಚೇರಿಯಲ್ಲಿ ನನ್ನದು ಅತ್ತೆಯ ಕೆಲಸ. ನಗಬೇಡಿ. ಸಂಬಳದ ಚೀಟಿಯಲ್ಲಿ ಹಿರಿಯ ಸಂಶೋಧಕಿ ಎಂದೇ ಇದೆ. ಆದರೆ ಗುರುವಾರ ಊಟವಾದ ಮೇಲೆ ಹಿಂಬದಿಯ ಉದ್ದ ಕೋಣೆಯಲ್ಲಿ ಮೇಜಿನ ಸುತ್ತ ಕೂತೆವೆಂದರೆ ನಾನು ಅತ್ತೆ, ಬರೀ ಅತ್ತೆ.

ಈ ಹುಚ್ಚು ನಮ್ಮ ನಿರ್ದೇಶಕರದು. "ಅಂಕಿಅಂಶ ಬಸ್ಸಿಗೆ ಕಾಯಲ್ಲ, ಅದಕ್ಕೆ ಮಂಡಿ ನೋಯಲ್ಲ, ಅದು ಮಗು ಹೆರಲ್ಲ. ಇದನ್ನೆಲ್ಲ ಮಾಡೋದು ಜನ. ಅದಕ್ಕೇ ನಾವು ಒಂದು ಮನೆ ಹೂಡೋಣ," ಎಂದು ಅವರು ಅಪ್ಪಣೆ ಕೊಡಿಸಿದ್ದರು. ಹಾಗೆ ಹುಟ್ಟಿದ್ದು ನಮ್ಮ ಮನೆ. ಕಾರ್ಖಾನೆ ಬೀದಿಯ ಒಂದು ಅಂಗಡಿಯ ಮೇಲೆ ಎರಡು ಕೋಣೆ. ಅದರಲ್ಲಿ ಮಾವ, ಅತ್ತೆ, ಮಗ, ಸೊಸೆ. ಮಗ ಟೀವಿ ಜೋಡಿಸುವ ಕಾರ್ಖಾನೆಗೆ ಹೋಗುತ್ತಾನೆ, ಸೊಸೆ ಮನೆಯಲ್ಲೇ ಕೂತು ಬಟ್ಟೆ ಹೊಲಿಯುತ್ತಾಳೆ. ಎಲ್ಲ ಕಟ್ಟುಕಥೆ. ನಾವು ನಾಲ್ವರು ನೌಕರರು ಆ ನಾಲ್ವರ ಬಾಯಿ.

ನಿರ್ದೇಶಕರು ಒಂದೊಂದೇ ವರ್ಷವನ್ನು ಓದುತ್ತಿದ್ದರು. ಈ ವರ್ಷ ಕೂಲಿ ಏರಿತು, ಬಾಡಿಗೆಯೂ ಏರಿತು, ಹಳೆಯ ಕಾರ್ಖಾನೆ ಮುಚ್ಚಿ ಹೊಸದೊಂದು ತೆರೆಯಿತು, ಆಸ್ಪತ್ರೆ ಊರಾಚೆ ಹೋಯಿತು. ಈಗ ಹೇಳಿ, ನೀವೇನು ಮಾಡುತ್ತೀರಿ? ಒಬ್ಬೊಬ್ಬರ ಪಾಳಿ ಬಂದಂತೆ ಉತ್ತರ ಹೇಳಬೇಕು. ಅದು ಕಂಪ್ಯೂಟರಿನೊಳಗೆ ಹೋಗಿ ಲಕ್ಷಾಂತರ ಮನೆಗಳ ಉತ್ತರವಾಗುತ್ತಿತ್ತು. ನಾನು ಹಲ್ಲುನೋವೆಂದು ಆಸ್ಪತ್ರೆಗೆ ಹೊರಟರೆ ದೇಶದ ಅತ್ತೆಯರೆಲ್ಲ ದವಡೆ ಹಿಡಿದುಕೊಂಡು ಸಾಲಿನಲ್ಲಿ ನಿಲ್ಲುತ್ತಿದ್ದರು. ಮನೆಯಲ್ಲಿರುವ ಪ್ರತಿಯೊಬ್ಬರೂ ಉತ್ತರ ಕೊಡುವ ತನಕ ಯಂತ್ರ ಮುಂದಿನ ವರ್ಷಕ್ಕೆ ಹೊರಳುತ್ತಿರಲಿಲ್ಲ. ಯಾರಾದರೂ ಕಕ್ಕಸಿಗೆ ಹೋದರೆ ಇಡೀ ದೇಶ ಅವರಿಗಾಗಿ ಕಾಯಬೇಕಿತ್ತು.

ನಾವು ನಡೆದು ನೋಡಬೇಕಿದ್ದ ದಾರಿಗಳು ಮೂರು. ಇರುವ ಕಾರ್ಖಾನೆಗಳನ್ನೇ ಹೆಚ್ಚಿಸಿ ಓಡುವುದು ಒಂದು. ಜನರಿಗೆ ಹೊಸ ಕೆಲಸ ಕಲಿಸಿ ಮೇಲಕ್ಕೆ ಹತ್ತುವುದು ಇನ್ನೊಂದು. ಶಾಲೆ, ಆಸ್ಪತ್ರೆ, ನೀರು ಎಂದು ಮೊದಲು ಮನೆ ನೆಟ್ಟಗೆ ಮಾಡಿಕೊಂಡು ನಿಧಾನ ಹೋಗುವುದು ಮೂರನೆಯದು. ನಮ್ಮ ದೇಶ ಬಡತನದಿಂದ ದಡಬಡನೆ ಎದ್ದು ಬಂದಿತ್ತು. ಎದ್ದು ಬಂದ ಎಷ್ಟೋ ದೇಶಗಳು ನಡುವಿನ ಮೆಟ್ಟಿಲಲ್ಲೇ ಉಸಿರು ಕಟ್ಟಿ ಕೂತುಬಿಟ್ಟಿವೆ ಎಂಬುದು ನಿರ್ದೇಶಕರ ನಿದ್ದೆಗೆಡಿಸಿದ ಚಿಂತೆ. ಕೂತಲ್ಲೇ ಜನ ಮುದುಕರಾಗುತ್ತಾರೆ, ಆಮೇಲೆ ಮೇಲೆತ್ತಲು ದೇವರು ಬಂದರೂ ಆಗದು ಎನ್ನುತ್ತಿದ್ದರು. ಆ ಮಾತಿಗೆ ಮಾವನ ಪಾತ್ರದ ದಫ್ತರಿನ ಗುಮಾಸ್ತರು ತೂಕಡಿಕೆಯಿಂದ ಎದ್ದು, "ಯಾರು ಮುದುಕರು?" ಎಂದು ಕೇಳುತ್ತಿದ್ದರು. ಅವರ ನಿವೃತ್ತಿ ಬಾಗಿಲಿಗೆ ಬಂದಿತ್ತು.

ಇನ್ನು ಮಗ ಮತ್ತು ಸೊಸೆ. ಇಬ್ಬರೂ ನಿಜವಾಗಿಯೂ ಗಂಡ ಹೆಂಡತಿ. ಅವನು ಲೆಕ್ಕ ಕಟ್ಟುವವನು, ಯಂತ್ರದ ಮುಂದೆ ಕೂತು ನಮ್ಮ ಉತ್ತರಗಳನ್ನು ಒಳಗೆ ಹಾಕುವವನೂ ಅವನೇ. ಅವಳು ಊರೂರು ತಿರುಗಿ ಮನೆ, ಆಸ್ಪತ್ರೆ, ಶಾಲೆಗಳ ಸಮೀಕ್ಷೆ ಮಾಡಿ ತರುವವಳು. ಅವಳ ಪಾಳಿ ಬಂತೆಂದರೆ ನಮಗೆಲ್ಲ ತಮಾಷೆ. "ನೋಡಿ ಅತ್ತೆ," ಎಂದು ಶುರು ಮಾಡಿ ಒಂದು ಉತ್ತರ ಹೇಳುವಳು. ಅವನು ಕೀಲಿ ಒತ್ತಿ ಮುಗಿಸುವಷ್ಟರಲ್ಲಿ, "ತಡೀರಿ ತಡೀರಿ, ಅಳಿಸಿ," ಎನ್ನುವಳು. ಅವನು ಒಂದು ದಿನವೂ ಸಿಡುಕಿದ್ದಿಲ್ಲ. ಅಳಿಸಿ, ಮುಖ ಎತ್ತಿ ಕಾಯುತ್ತಿದ್ದ. ಒಮ್ಮೆ ನಾನೂ ಅವಳೂ ಛತ್ರಿ ಕೊಳ್ಳಲು ಹೋಗಿ ನೀಲಿ ತಂದೆವು, ಬೀದಿಯ ತುದಿಯಿಂದ ಮರಳಿ ಹೋಗಿ ಹಸಿರು ತಂದೆವು, ಬಸ್ ಹತ್ತುವ ಮೊದಲು ಮತ್ತೆ ನೀಲಿಗೆ ಹೋದೆವು. ಅಂಗಡಿಯವನು ಕೈ ಮುಗಿದ. ಅವಳ ಜೊತೆ ಹೋಗಿ ನನ್ನ ಮಾನ ಹರಾಜಾಗಿತ್ತು, ಆದರೂ ಅವಳು ಕರೆದಾಗಲೆಲ್ಲ ಹೋಗುತ್ತಿದ್ದೆ. ಅವಳನ್ನು ಕಂಡರೆ ನನಗೆ ಅಷ್ಟು ಇಷ್ಟ.

ಅಂಥವಳು ಸತ್ತುಹೋದಳು. ಸಾಧಾರಣ ಜ್ವರವೆಂದು ಮಾತ್ರೆ ನುಂಗಿದಳು. ಅದು ಸಾಧಾರಣದ್ದಲ್ಲ ಎಂದು ತಿಳಿದಾಗ ಆಂಬುಲೆನ್ಸು ಬಂತು, ಬಂದದ್ದು ವಾಹನಗಳ ನಡುವೆ ಸಿಕ್ಕಿಕೊಂಡಿತು. ಆಸ್ಪತ್ರೆ ತಲುಪಿದಾಗ ಅಲ್ಲಿದ್ದವರು ಮಾಡಬಹುದಾದದ್ದು ಹೆಚ್ಚೇನೂ ಉಳಿದಿರಲಿಲ್ಲ. ಇದಕ್ಕಿಂತ ಹೆಚ್ಚಾಗಿ ಹೇಳಲು ನನಗೆ ಇಂದಿಗೂ ಮನಸ್ಸು ಬರುವುದಿಲ್ಲ.

ಅವಳ ಗಂಡ ಕೆಲಸಕ್ಕೆ ಮರಳಿದ ಮೊದಲ ಗುರುವಾರ ನಿರ್ದೇಶಕರು ಆಟವನ್ನು ಮುಂದಕ್ಕೆ ಹಾಕಬೇಕಿತ್ತು. ಮಂತ್ರಿಗಳ ಗಡುವು ತಲೆಯ ಮೇಲೆ ಕೂತಿತ್ತು, ಹಾಕಲಿಲ್ಲ. ವರ್ಷ ಓದಿದರು. ಮಾವ ಹೇಳಿದರು, ನಾನು ಹೇಳಿದೆ, ಮಗ ಹೇಳಿದ. ಸೊಸೆಯ ಪಾಳಿ ಬಂತು. ಪರದೆಯ ಮೇಲೆ ಗೀಟೊಂದು ಮಿನುಗುತ್ತ ಕಾಯುತ್ತಿತ್ತು. ನನ್ನ ಪಕ್ಕದ ಖಾಲಿ ಕುರ್ಚಿಯ ಕಡೆ ಯಾರೂ ನೋಡಲಿಲ್ಲ. ಯಾರಾದರೂ ಏನಾದರೂ ಹೇಳಿಬಿಡಿ ಎಂದು ನಾನು ಹಲ್ಲು ಕಚ್ಚಿ ಕೂತಿದ್ದೆ.

"ನೋಡಿ ಅತ್ತೆ," ಎಂದಿತು ಒಂದು ದನಿ. "ಬಾಡಿಗೆ ಏರಿದ್ರೆ ಏರ್ಲಿ. ನಾನು ಇನ್ನೆರಡು ಬಟ್ಟೆ ಜಾಸ್ತಿ ಹೊಲಿತೀನಿ. ಮನೆ ಬಿಡೋದು ಬೇಡ."

ಹೇಳಿದವನು ಅವನು. ಅಣಕಿಸಿದ ದನಿಯಲ್ಲ. ಗಂಡಸಿನ ದನಿಯೇ, ಆದರೆ ಮಾತು ಏಳುವುದು, ನಿಲ್ಲುವುದು, 'ಅತ್ತೆ' ಎನ್ನುವಾಗ ಸ್ವಲ್ಪ ಎಳೆಯುವುದು ಎಲ್ಲ ಅವಳದು. ಎದ್ದು ಹೊರಗೆ ಹೋಗಬೇಕಿತ್ತೇನೋ. ನಾನು ಮಾಡಿದ್ದು ಇಷ್ಟೇ, ಕುರ್ಚಿಯ ಕಡೆ ತಿರುಗಿ, "ಕಣ್ಣು ಹಾಳು ಮಾಡ್ಕೋಬೇಡ ತಾಯಿ," ಎಂದೆ. ಅವನು ಉತ್ತರ ಹಾಕಿದ, ವರ್ಷ ಹೊರಳಿತು.

ಅಂದಿನಿಂದ ಅವಳು ವಾರವಾರ ಬಂದಳು. ಬೇರೆ ಹೇಗೆ ಹೇಳಲಿ? ಚಹಾ ತರುವವನು ಅವಳ ಜಾಗದಲ್ಲೂ ಒಂದು ಲೋಟ ಇಡತೊಡಗಿದ, ಆರಿದ ಮೇಲೆ ತಾನೇ ಕುಡಿಯುತ್ತಿದ್ದ. ಮಾವ ಮೇಜಿನಡಿಯಲ್ಲಿ ಕಾಲು ಚಾಚುವಾಗ ಅವಳ ಕಡೆ ತಾಗದಂತೆ ಓರೆ ಮಾಡುತ್ತಿದ್ದರು. ನಿರ್ದೇಶಕರಂತೂ ಸೊಸೆಯನ್ನು ಕೇಳುವಾಗ ಅವನ ಮುಖ ನೋಡದೆ ಕುರ್ಚಿಯ ಬೆನ್ನನ್ನೇ ನೋಡುತ್ತಿದ್ದರು. ನಾನೇನು ಕಡಿಮೆಯೇ? ಕಚೇರಿಯ ಸುದ್ದಿಗಳನ್ನು ಗುರುವಾರಕ್ಕೆಂದು ಎತ್ತಿಟ್ಟುಕೊಳ್ಳುತ್ತಿದ್ದೆ. ಆಟದ ನಡುವೆ ಆ ಕಡೆ ವಾಲಿ ಪಿಸುಗುಟ್ಟುತ್ತಿದ್ದೆ. ಅವನು ನೋಡಿದರೂ ನೋಡದಂತಿರುತ್ತಿದ್ದ.

ವರ್ಷಗಳು ಹೊರಳಿದಂತೆ ಅವಳಿಗೂ ವಯಸ್ಸಾಗುತ್ತಿತ್ತು. ಒಂದು ಗುರುವಾರ ಅವನು ಪರದೆಯಿಂದ ಮುಖ ಎತ್ತಿ ನನಗೊಬ್ಬಳಿಗೇ ಕೇಳುವಂತೆ, "ಅವಳಿಗೆ ಕನ್ನಡಕ ಬಂತು," ಎಂದ. ಇನ್ನೊಂದು ಸಲ, "ಕೂದಲು ಅರ್ಧ ಬೆಳ್ಳಗಾಗಿದೆ. ಚೆನ್ನಾಗೇ ಕಾಣುತ್ತೆ," ಎಂದ. ಆಗ ಅವನ ಮುಖದಲ್ಲಿದ್ದ ಸಂತೋಷ ಕಂಡು ನನಗೆ ಹೆದರಿಕೆಯಾಯಿತು. ಹೆಂಡತಿಯ ಜೊತೆ ಮುದುಕನಾಗುವ ಭಾಗ್ಯವನ್ನು ಅವನು ವಾರಕ್ಕೆ ಒಂದು ಮಧ್ಯಾಹ್ನದಂತೆ ಅನುಭವಿಸುತ್ತಿದ್ದ.

ಮೂರು ದಾರಿಗಳನ್ನೂ ನಡೆದು ಮುಗಿಸಿದೆವು. ದೇಶದ ಗಳಿಕೆ ವರ್ಷವರ್ಷ ಎಷ್ಟು ಏರಿತೆಂದು ತೋರಿಸುವ ಮೂರು ಗೆರೆಗಳನ್ನು ನಿರ್ದೇಶಕರು ಗೋಡೆಗೆ ಅಂಟಿಸಿದರು. ಮೂರೂ ಸರಸರನೆ ಏರಿ, ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿ ಹಾಸಿಗೆ ಹಾಸಿದಂತೆ ಮಲಗಿದ್ದವು. ಓಡಿದರೂ ಅಷ್ಟೇ, ಕಲಿತರೂ ಅಷ್ಟೇ, ನಿಧಾನ ಹೋದರೂ ಅಷ್ಟೇ. ಅವರ ಮುಖ ಸುಟ್ಟ ಬದನೆಕಾಯಿಯಂತಾಯಿತು. ಹಾಗಾದರೆ ಜನರಿಗೆ ಹೊಸ ಕೆಲಸ ಕಲಿಸಲೆಂದು ಎತ್ತಿಟ್ಟ ಹಣ ದಂಡ, ಹೆಂಗಸರು ಕಲಿಯಲು ಬರುವುದೇ ಇಲ್ಲ, ತರಬೇತಿ ಶಾಲೆಗಳನ್ನು ಕಟ್ಟುವುದೇ ಬೇಡ ಎಂದು ವರದಿಯಲ್ಲಿ ಬರೆಯಬೇಕಾಗಿತ್ತು.

ನನಗೆ ಸಂಶಯ ಬಂದದ್ದು ಆಗ. ಗೆರೆಗಳು ಮಲಗಿದ ಜಾಗ ಯಾವುದೆಂದು ನೆನಪು ಮಾಡಿಕೊಂಡೆ. ಸೊಸೆಗೆ ಮೊದಲ ಬಾರಿಗೆ ಬೇರೆ ಕೆಲಸದ ಅವಕಾಶ ಬರುವ ವರ್ಷ ಅದು. ಮೂರು ದಾರಿಯಲ್ಲೂ ಅವಳು, "ನೋಡಿ ಅತ್ತೆ, ಈ ವರ್ಷ ಬೇಡ, ಮನೇಲೇ ಇರ್ತೀನಿ," ಎಂದಿದ್ದಳು. ಮುಂದಿನ ವರ್ಷವೂ ಅದನ್ನೇ ಅಂದಳು, ಅದರ ಮುಂದಿನ ವರ್ಷವೂ. ಒಮ್ಮೆಯಾದರೂ "ತಡೀರಿ, ಅಳಿಸಿ" ಎಂದಿರಲಿಲ್ಲ. ಛತ್ರಿ ಅಂಗಡಿಯವನಿಂದ ಕೈ ಮುಗಿಸಿಕೊಂಡವಳು ಹೀಗೆ ಕಲ್ಲಾಗಿ ಕೂತಾಳೆಯೇ? ಅವನು ಅವಳನ್ನು ಕರೆತರುತ್ತಿರಲಿಲ್ಲ. ಅವಳು ಬದುಕಿದ್ದಾಗ ಆಡಿ ಮುಗಿಸಿದ್ದ ಮಾತುಗಳನ್ನೇ ಮತ್ತೆ ಮತ್ತೆ ಆಡುತ್ತಿದ್ದ. ಅವನ ಹತ್ತಿರ ಇದ್ದದ್ದು ಅಷ್ಟೇ. ಸತ್ತವರಿಗೆ ಹೊಸದಾಗಿ ಏನೂ ಬೇಕೆನಿಸುವುದಿಲ್ಲ. ಅಂಥ ಒಬ್ಬಳನ್ನು ನಾವು ದೇಶದ ಮನೆಮನೆಗೂ ಸೊಸೆ ಮಾಡಿ ತುಂಬಿಸಿಬಿಟ್ಟಿದ್ದೆವು.

ಇನ್ನೊಂದು ವಿಷಯ. ಅವನಿಗೆ ಗೊತ್ತಿಲ್ಲದ್ದು, ನನಗೆ ಗೊತ್ತಿದ್ದದ್ದು. ಜ್ವರ ಬರುವ ಸ್ವಲ್ಪ ಮುಂಚೆ ಹಿಂಬದಿಯ ಮೆಟ್ಟಿಲ ಮೇಲೆ ಕೂತು ಊಟ ಮಾಡುವಾಗ ಅವಳು ನನ್ನೊಬ್ಬಳಿಗೆ ಹೇಳಿದ್ದಳು. ಸಮೀಕ್ಷೆಗೆ ಹೋದ ಒಂದೊಂದು ಆಸ್ಪತ್ರೆಯಲ್ಲೂ ಹೊರದೇಶದಿಂದ ತಂದ ಯಂತ್ರಗಳು ಪ್ಲಾಸ್ಟಿಕ್ ಹೊದ್ದು ಮೂಲೆಯಲ್ಲಿ ಬಿದ್ದಿವೆಯಂತೆ. "ಕೊಳ್ಳೋಕೆ ನಮ್ಮ ಹತ್ರ ದುಡ್ಡು ಬಂತು, ಬಿಚ್ಚಿ ರಿಪೇರಿ ಮಾಡೋಕೆ ಕೈ ಬರ್ಲಿಲ್ಲ ನೋಡಿ," ಎಂದಿದ್ದಳು. ಬಂದರಿನ ಊರಿನಲ್ಲಿ ಆ ರಿಪೇರಿ ಕಲಿಸುತ್ತಾರೆ, ಎರಡು ವರ್ಷ ಅಲ್ಲೇ ಇರಬೇಕು, ವಯಸ್ಸಿನ ಮಿತಿ ಇಲ್ಲ. ತಾನು ಹೋಗಬೇಕು, ಒಬ್ಬಳೇ. ಒಂದು ಕೋಣೆ ಹಿಡಿದು, ತಾನೇ ಬೀಗ ಹಾಕಿ, ತಾನೇ ತೆಗೆಯಬೇಕು. ಆ ವಿಷಯದಲ್ಲಿ ಮಾತ್ರ ಅವಳು ಮನಸ್ಸು ಬದಲಿಸಿರಲಿಲ್ಲ. ಗಂಡನಿಗೆ ಇನ್ನೂ ಹೇಳಿರಲಿಲ್ಲ ಅಷ್ಟೇ.

ಇದನ್ನು ಅವನಿಗೆ ಹೇಳುವುದೆಂದರೆ ಏನೆಂದು ನನಗೆ ಗೊತ್ತಿತ್ತು. ಅವನ ಬಳಿ ಉಳಿದಿದ್ದವಳು 'ಮನೇಲೇ ಇರ್ತೀನಿ' ಎನ್ನುವ ಒಬ್ಬಳು. ಅವಳನ್ನೂ ಕಿತ್ತುಕೊಂಡಂತೆ. ಬಾಯಿಗೆ ಬೀಗ ಹಾಕಿಕೊಂಡೆ.

ವರದಿ ಹೋಗುವ ಮುಂಚೆ ತಪಾಸಣೆಗೆಂದು ಹಣಕಾಸಿನವರ ಕಡೆಯಿಂದ ಒಬ್ಬ ಹೆಂಗಸು ಬಂದಳು. ಚುರುಕು, ಮಾತು ಜಾಸ್ತಿ, ನಮ್ಮ ಮನೆಯ ಸಾವಿನ ಸುದ್ದಿ ತಿಳಿಯದವಳು. ಕಲಿಕೆಯ ದಾರಿಯನ್ನು ಮತ್ತೊಮ್ಮೆ ನಡೆದು ತೋರಿಸಿ ಎಂದಳು. ಅವಳು ಬಂದು ಕೂರಲು ನನ್ನ ಪಕ್ಕದ ಖಾಲಿ ಕುರ್ಚಿ ಎಳೆದಾಗ ನಾವೆಲ್ಲ ಒಟ್ಟಿಗೆ, "ಅದರಲ್ಲಲ್ಲ!" ಎಂದೆವು. ಬೆಚ್ಚಿಬಿದ್ದು ಬೇರೆ ಕುರ್ಚಿ ತಂದುಕೊಂಡಳು.

ಆ ವರ್ಷ ಬಂತು. ಸೊಸೆ, "ನೋಡಿ ಅತ್ತೆ, ಈ ವರ್ಷ ಬೇಡ," ಎಂದಳು.

"ಸಂಬಳ ಎರಡರಷ್ಟು ಮಾಡಿ," ಎಂದಳು ತಪಾಸಣೆಯವಳು. ನಿರ್ದೇಶಕರು ಮಾಡಿದರು. ಈ ವರ್ಷ ಬೇಡ. "ತರಬೇತಿ ಶಾಲೆ ಮನೆ ಎದುರಿಗೇ ತನ್ನಿ." ತಂದರು. ಬೇಡ. "ಅತ್ತೆ ಮಾವನ್ನ ನೋಡ್ಕೊಳ್ಳೋಕೆ ಒಬ್ಬರನ್ನ ಇಡಿ." ಇಟ್ಟರು. ಮನೇಲೇ ಇರ್ತೀನಿ.

ತಪಾಸಣೆಯವಳಿಗೆ ನಗು ಬಂತು. "ಏನ್ರೀ ಇದು, ಈ ಹೆಂಗಸಿಗೆ ಏನೂ ಬೇಡ್ವಾ? ಜೀವ ಇರೋ ಮನುಷ್ಯಳ ಥರಾನೇ ಇಲ್ವಲ್ಲ!"

ಯಾರೂ ನಗಲಿಲ್ಲ. ಮಾವ ಕಣ್ಣು ಮುಚ್ಚಿಕೊಂಡರು. ಏನೋ ಎಡವಟ್ಟಾಯಿತೆಂದು ತಪಾಸಣೆಯವಳಿಗೂ ತಿಳಿದು ಬಾಯಿಗೆ ಕೈ ಅಡ್ಡ ತಂದಳು. ಅವನು ಮಾತ್ರ ಪರದೆಯನ್ನೇ ನೋಡುತ್ತ, ಬೆರಳನ್ನು ಕೀಲಿಯ ಮೇಲಿಟ್ಟುಕೊಂಡು ಕೂತಿದ್ದ, ಅಳಿಸಿ ಎಂದು ಯಾರಾದರೂ ಹೇಳುತ್ತಾರೇನೋ ಎನ್ನುವಂತೆ.

ನನಗೆ ತಡೆಯಲಾಗಲಿಲ್ಲ. ಅವಳ ಮೇಲಿನ ಅಕ್ಕರೆಯೋ, ಅವಳನ್ನು ಹೀಗೆ ಮೂಲೆಯಲ್ಲಿ ಕೂರಿಸಿದ್ದಕ್ಕೆ ಬಂದ ಸಿಟ್ಟೋ, ನನಗೇ ತಿಳಿಯದು. "ಸೊಸೆಗೆ ನಾನೊಂದು ಮಾತು ಕೇಳ್ಬೇಕು," ಎಂದೆ. ನಿರ್ದೇಶಕರು ತಲೆಯಾಡಿಸಿದರು. ಕುರ್ಚಿಯ ಕಡೆ ತಿರುಗಿದೆ. "ಬೇಡ ಬೇಡ ಅಂತ ಎಷ್ಟು ವರ್ಷದಿಂದ ಹೇಳ್ತಿದೀಯ. ಬೇಡದ್ದು ಸಾಕು. ನಿಂಗೆ ಏನು ಬೇಕು ಮಗಳೇ, ಅದನ್ನ ಹೇಳು."

"ನೋಡಿ ಅತ್ತೆ," ಎಂದು ದನಿ ಎದ್ದಿತು. ನಿಂತಿತು. "ನೋಡಿ..." ಎಂದಿತು ಮತ್ತೆ, ಈ ಸಲ ಸಣ್ಣಗೆ. ಆಮೇಲೆ ಕೇಳಿಸಿದ್ದು ಅವನದೇ ದನಿ. ಗುರುವಾರಗಳಲ್ಲಿ ಎಷ್ಟೋ ಕಾಲದಿಂದ ಕೇಳಿಸದೇ ಇದ್ದದ್ದು.

"ನಂಗೆ ಗೊತ್ತಿಲ್ಲಮ್ಮ," ಎಂದ. ಪರದೆ ಬಿಟ್ಟು ನನ್ನ ಕಡೆ ತಿರುಗಿದ. "ನಿಮಗೆ ಹೇಳಿದ್ಲಾ?"

ಸುಳ್ಳು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ.

"ಹೇಳಿದ್ಲು," ಎಂದು, ಎಲ್ಲವನ್ನೂ ಹೇಳಿದೆ. ಪ್ಲಾಸ್ಟಿಕ್ ಹೊದ್ದ ಯಂತ್ರಗಳು, ಬಂದರಿನ ಊರು, ಎರಡು ವರ್ಷ, ಒಂದು ಕೋಣೆ, ಅದರ ಬೀಗ. ಅವನು ಕೇಳುತ್ತ ಕೂತ. ಕಿವಿ ಮಾತ್ರ ಕೆಂಪಾಗುತ್ತ ಹೋಯಿತು.

"ನಂಗ್ಯಾಕೆ ಹೇಳ್ಲಿಲ್ಲ?" ಎಂದ ಕೊನೆಗೆ. "ನಾನು ಬೇಡ ಅಂತಿದ್ನಾ? ಯಾವತ್ತಾದ್ರೂ ಬೇಡ ಅಂದಿದೀನಾ? ನಾನೇ ಬಸ್ ಹತ್ತಿಸಿ ಬರ್ತಿದ್ದೆ."

"ನಾನೂ ಅದನ್ನೇ ಕೇಳ್ದೆ ಕಣಪ್ಪ," ಎಂದೆ. "'ಅವ್ರು ಬೇಡ ಅನ್ನಲ್ಲ, ಅವ್ರೇ ಬಂದು ಬಸ್ ಹತ್ತಿಸ್ತಾರೆ. ಆದ್ರೆ ನಾನು ವಾಪಸ್ ಬರೋ ತನಕ ಸ್ಟ್ಯಾಂಡಲ್ಲೇ ನಿಂತಿರ್ತಾರೆ. ಅದು ಗೊತ್ತಿದ್ದೂ ಹೇಗೆ ಹೊರಡ್ಲಿ?' ಅಂದ್ಲು."

ಅವನು ಮುಖ ತಿರುಗಿಸಿಕೊಂಡ. ಅಳುತ್ತಾನೆಂದುಕೊಂಡೆ, ಅಳಲಿಲ್ಲ. ನಿರ್ದೇಶಕರು, "ಇವತ್ತಿಗೆ ಸಾಕು ಮಾಡೋಣ," ಎಂದು ಕಾಗದ ಮಡಿಸತೊಡಗಿದರು. "ಬೇಡ ಸಾರ್," ಎಂದು ಅವನು ಯಂತ್ರದ ಕಡೆ ಬಾಗಿದ. ಮನೇಲೇ ಇರ್ತೀನಿ ಎಂದು ಹಾಕಿದ್ದನ್ನು ಒಂದೊಂದೇ ಅಕ್ಷರವಾಗಿ ಅಳಿಸಿದ. ಬಂದರಿನ ಊರು, ರಿಪೇರಿ ಕೆಲಸ, ಒಬ್ಬಳೇ ಎಂದು ಹಾಕಿದ. ಯಂತ್ರ ಖಚಿತವೇ ಎಂದು ಕೇಳಿತು. ಮನೆ ಬಿಟ್ಟು ಹೋದವರನ್ನು ಅದು ಮತ್ತೆ ಕೇಳುವುದಿಲ್ಲ, ಅವರ ಲೆಕ್ಕ ಬೇರೆ ಊರಿನ ಪಾಲಿಗೆ ಹೋಗುತ್ತದೆ. ಇದು ಯಂತ್ರಕ್ಕೆ ಅವನೇ ಕಲಿಸಿದ ನಿಯಮ, ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹೌದು ಎಂದು ಒತ್ತಿದ.

ವರ್ಷ ಹೊರಳಿತು. ಮುಂದಿನದು ಓದಿದರು. ಮಾವ ಹೇಳಿದರು, ನಾನು ಹೇಳಿದೆ, ಅವನು ಹೇಳಿದ. ನಿರ್ದೇಶಕರು ರೂಢಿಯಂತೆ ಖಾಲಿ ಕುರ್ಚಿಯ ಕಡೆ ಕತ್ತೆತ್ತಿದರು. ಅಷ್ಟರಲ್ಲಿ ಯಂತ್ರ ಯಾರಿಗೂ ಕಾಯದೆ ಮುಂದಕ್ಕೆ ಹೋಗಿಬಿಟ್ಟಿತ್ತು.

ಪರದೆಯ ಮೇಲೆ ಮಲಗಿದ್ದ ಗೆರೆ ಎದ್ದಿತು. ಮೊದಮೊದಲು ಅನುಮಾನದಿಂದ, ಆಮೇಲೆ ಧೈರ್ಯವಾಗಿ, ವರ್ಷದಿಂದ ವರ್ಷಕ್ಕೆ ಮೇಲೆ ಹೋಯಿತು. ದೇಶದ ಸೊಸೆಯರೆಲ್ಲ ಚೀಲ ಹಿಡಿದು ಮೆಟ್ಟಿಲಿಳಿದು ಹೊರಟಿದ್ದರು. ತಪಾಸಣೆಯವಳು ಖುಷಿಯಲ್ಲಿ ಏನೋ ಹೇಳಹೋಗಿ ನಮ್ಮ ಮುಖ ನೋಡಿ ತನ್ನ ಕಾಗದ ಜೋಡಿಸತೊಡಗಿದಳು. ಅಂದು ಚಹಾ ಬಂದಾಗ ನಾನೇ ಒಂದು ಲೋಟ ಕಡಿಮೆ ಇಡಲು ಹೇಳಿದೆ. ಹೇಳುವಾಗ ದನಿ ನಡುಗಿತು, ನಡುಗಿದರೆ ನಡುಗಲಿ ಎಂದುಕೊಂಡೆ.

ಒಬ್ಬೊಬ್ಬರೇ ಎದ್ದು ಹೋದರು. ಅವನೂ ಎದ್ದ, ಆದರೆ ಬಾಗಿಲ ಕಡೆ ಬರಲಿಲ್ಲ. ಪರದೆಯ ಮುಂದೆ ಎರಡು ಕೈಯನ್ನೂ ಕೆಳಗೆ ಬಿಟ್ಟು, ಏರುತ್ತಿದ್ದ ಗೆರೆಯನ್ನು ನೋಡುತ್ತ ನಿಂತ. ನಾನು ಚೀಲ ಎತ್ತಿಕೊಂಡೆ, ಮತ್ತೆ ಕೆಳಗಿಟ್ಟೆ. ಕಿಟಕಿಯ ಬಿಸಿಲು ಮೇಜು ದಾಟಿ ಗೋಡೆಗೆ ಹೋಯಿತು. ಸಂಜೆ ಬೀಗದ ಗೊಂಚಲು ಅಲ್ಲಾಡಿಸುತ್ತ ಬಂದ ಕಾವಲುಗಾರ ಅವನನ್ನು ನೋಡಿ, "ಸಾಹೇಬ್ರು ಯಾಕಮ್ಮ ಹೀಗೆ ನಿಂತಿದಾರೆ? ಬಾಗಿಲು ಹಾಕ್ಬೇಕಲ್ಲ," ಎಂದ.

"ಇನ್ನೊಂದು ಸ್ವಲ್ಪ ಹೊತ್ತು ಬಿಡಪ್ಪ," ಎಂದೆ. "ಬಸ್ಸು ಈಗ ತಾನೆ ಹೋಯ್ತು."